ಓಟ ಮುಗಿಸಿ ಸ್ಟೆತಸ್ಕೋಪ್ ಹಿಡಿದ ಆರ್ಥರ್ ವಿಂಟ್

ಜಮೈಕಾ ಅಂದ ಕೂಡಲೇ ನಮಗೆಲ್ಲ ಮೊದಲು ನೆನಪಾಗೋದು ಉಸೇನ್ ಬೋಲ್ಟ್. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದ ಆ ವಿಡಿಯೋ ನೋಡದವರು ನಮ್ಮ ಹಾಸ್ಟೆಲಿನಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಬೋಲ್ಟ್ ಒಂದು ಉದ್ದ ಸಾಲಿನ ಈಚಿನ ತುದಿಯಲ್ಲಿ ನಿಂತವರು. ಆ ಸಾಲಿನ ಆಚೆ ತುದಿಯಲ್ಲಿ, ಜಮೈಕಾಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದುಕೊಟ್ಟ ಒಬ್ಬ ಎತ್ತರದ ಮನುಷ್ಯ ಇದ್ದಾರೆ. ಅವರೇ ಆರ್ಥರ್ ವಿಂಟ್. ಈ ಸಲ ನಾವು ಪರಿಚಯಿಸ್ತಿರೋದು ಅವರನ್ನ.

ವಿಂಟ್ ಅವರನ್ನೇ ಆರಿಸಿಕೊಳ್ಳೋಕೆ ಕಾರಣ ಅವರ ಪದಕಗಳಷ್ಟೇ ಅಲ್ಲ. ಅವರು ಗೆದ್ದ ನಾಲ್ಕು ಒಲಿಂಪಿಕ್ ಪದಕಗಳೂ ಅವರು ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಬಂದಂಥವು. ಓದೋದಾ, ಆಡೋದಾ ಅನ್ನೋ ಪ್ರಶ್ನೆ ನಮ್ಮಲ್ಲಿ ಪ್ರತಿ ಸೆಮಿಸ್ಟರ್‌ನಲ್ಲೂ ಯಾರಿಗಾದರೂ ಎದುರಾಗುತ್ತದೆ. ವಿಂಟ್ ಅವರ ಬದುಕಿನಲ್ಲಿ ಆ ಪ್ರಶ್ನೆಯ ಜೊತೆಗೆ ಇನ್ನೊಂದು ದೊಡ್ಡ ಪ್ರಶ್ನೆಯೂ ಇತ್ತು. ಓದೋದಕ್ಕೆ ಊರಲ್ಲಿ ಜಾಗವೇ ಇಲ್ಲದಿದ್ದರೆ ಏನು ಮಾಡೋದು? ಓದಿ ಮುಗಿಸಿದ ಮೇಲೆ ವಾಪಸ್ ಬರೋದಾ, ಬೇಡವಾ?

ವಿಂಟ್ ಹುಟ್ಟಿದ್ದು 1920ರ ಮೇ 25ರಂದು, ಮ್ಯಾಂಚೆಸ್ಟರ್ ಅನ್ನೋ ಪ್ಯಾರಿಷ್‌ನ ಪ್ಲೌಡನ್ ಎಂಬಲ್ಲಿ. ಹೆಸರು ಕೇಳಿ ಇಂಗ್ಲೆಂಡ್ ಅಂದ್ಕೋಬೇಡಿ. ಇದು ಜಮೈಕಾದ ನಡುಭಾಗದ ಗುಡ್ಡಗಾಡು. ಪ್ಯಾರಿಷ್ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆಗ ಜಮೈಕಾ ಬ್ರಿಟಿಷರ ವಸಾಹತು. ಆ ದ್ವೀಪದಲ್ಲಿ ಓಟದ ಹುಚ್ಚು ಅಷ್ಟರಲ್ಲೇ ಶುರುವಾಗಿತ್ತು. ಹೈಸ್ಕೂಲ್ ಹುಡುಗರ ವಾರ್ಷಿಕ ಅಥ್ಲೆಟಿಕ್ ಕೂಟ 1910ರಲ್ಲೇ ಆರಂಭವಾಗಿತ್ತು. ಅಲ್ಲಿನ ಜನ ಪ್ರೀತಿಯಿಂದ ಅದನ್ನ ಚಾಂಪ್ಸ್ ಅಂತಾರೆ. ಈಗಲೂ ಆ ಕೂಟ ನಡೆದರೆ ಸ್ಟೇಡಿಯಂ ತುಂಬುತ್ತದೆ.

ಚಾಂಪ್ಸ್ ಬಗ್ಗೆ ಒಂದು ವಿಷಯ ಹೇಳಲೇಬೇಕು. 1911ರಲ್ಲಿ ನಾರ್ಮನ್ ಮ್ಯಾನ್ಲಿ ಎಂಬ ಹುಡುಗ 100 ಗಜದ ಓಟವನ್ನು 10 ಸೆಕೆಂಡುಗಳಲ್ಲಿ ಓಡಿದ. ಆ ದಾಖಲೆ 1952ರವರೆಗೂ, ಅಂದ್ರೆ 41 ವರ್ಷ, ಯಾರ ಕೈಗೂ ಸಿಗಲಿಲ್ಲ. ಅದೇ ಹುಡುಗ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು, ವಕೀಲರಾದರು, ಮುಂದೆ ಜಮೈಕಾದ ರಾಜಕೀಯ ನಾಯಕರಾದರು. ಓಟ ಮತ್ತು ಓದು ಒಂದೇ ಮನುಷ್ಯನಲ್ಲಿ ಇರಬಹುದು ಅನ್ನೋದು ಆ ದ್ವೀಪಕ್ಕೆ ಹೊಸ ಮಾತಾಗಿರಲಿಲ್ಲ. ಆದರೆ ಒಂದು ತೊಡಕಿತ್ತು. ಓದು ಅಂದರೆ ಕಡಲು ದಾಟಬೇಕು. ಇಡೀ ಜಮೈಕಾದಲ್ಲಿ ಆಗ ಒಂದೇ ಒಂದು ವಿಶ್ವವಿದ್ಯಾಲಯ ಇರಲಿಲ್ಲ. ಹೈಸ್ಕೂಲ್ ಮುಗಿಸಿದ ಜಾಣರಲ್ಲಿ ಬೆರಳೆಣಿಕೆಯ ಮಂದಿಗೆ ವಿದ್ಯಾರ್ಥಿವೇತನ, ಉಳಿದವರಿಗೆ ಗುಮಾಸ್ತಿಕೆಯೋ ಮೇಷ್ಟರಿಕೆಯೋ.

ವಿಂಟ್ ಮೊದಲು ಓದಿದ್ದು ಕಿಂಗ್‌ಸ್ಟನ್ನಿನ ಕ್ಯಾಲಬಾರ್ ಹೈಸ್ಕೂಲಿನಲ್ಲಿ. ನೂರು ಮೀಟರಿನಿಂದ ಹಿಡಿದು ಎಂಟುನೂರರವರೆಗೆ ಎಲ್ಲಾ ಓಟಗಳನ್ನೂ ಓಡುತ್ತಿದ್ದರು. ಅದು ಸಾಲದು ಅಂತ ಎತ್ತರ ಜಿಗಿತ, ಉದ್ದ ಜಿಗಿತ ಬೇರೆ. ಆಮೇಲೆ ಎಕ್ಸೆಲ್ಸಿಯರ್ ಹೈಸ್ಕೂಲಿಗೆ ಸೇರಿ ಅಲ್ಲಿ ಓದು ಮುಗಿಸಿದರು. ಎತ್ತರ ಆರಡಿ ನಾಲ್ಕು ಅಂಗುಲ. ಅವರು ಒಂದು ಹೆಜ್ಜೆ ಇಟ್ಟರೆ ಬೇರೆಯವರಿಗೆ ಒಂದೂಕಾಲು ಹೆಜ್ಜೆ ಬೇಕು ಅನ್ನಿಸುವಂಥ ಕಾಲುಗಳು. 1937ರಲ್ಲಿ ಜಮೈಕಾದ ವರ್ಷದ ಬಾಲ ಅಥ್ಲೀಟ್ ಅನ್ನಿಸಿಕೊಂಡರು. ಮರುವರ್ಷ ಪನಾಮಾದಲ್ಲಿ ನಡೆದ ಮಧ್ಯ ಅಮೆರಿಕ ಕ್ರೀಡಾಕೂಟದಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದರು. ಆಗ ವಯಸ್ಸು ಹದಿನೇಳು.

ಇಲ್ಲಿಂದ ಕಥೆ ನೇರವಾಗಿ ಒಲಿಂಪಿಕ್ಸ್‌ಗೆ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಎರಡನೇ ಮಹಾಯುದ್ಧ ಬಂತು. 1940ರ ಒಲಿಂಪಿಕ್ಸ್ ರದ್ದು, 1944ರದ್ದೂ ರದ್ದು. ಆ ಎರಡು ವರ್ಷಗಳಲ್ಲಿ ವಿಂಟ್ ಅವರ ವಯಸ್ಸು ಇಪ್ಪತ್ತು ಮತ್ತು ಇಪ್ಪತ್ನಾಲ್ಕು. ಓಟಗಾರನ ಕಾಲುಗಳು ಅತ್ಯಂತ ಚುರುಕಾಗಿರುವ ವರ್ಷಗಳು ಅವೇ. ಆ ವಯಸ್ಸು ಮತ್ತೆ ಬರೋದಿಲ್ಲ. ಜಗತ್ತಿನ ಎಷ್ಟೋ ಕ್ರೀಡಾಪಟುಗಳ ಹೆಸರು ಆ ಎಂಟು ವರ್ಷಗಳಲ್ಲಿ ಅಳಿಸಿಹೋಯಿತು.

1942ರಲ್ಲಿ ವಿಂಟ್ ತಮ್ಮ ಸಹೋದರರಾದ ಲಾಯ್ಡ್ ಮತ್ತು ಡಗ್ಲಸ್ ಜೊತೆ ವಾಯುಪಡೆಯ ತರಬೇತಿಗೆ ಸೇರಿದರು. ತರಬೇತಿ ನಡೆದದ್ದು ಕೆನಡಾದಲ್ಲಿ. ಅಲ್ಲೂ ಓಟ ಬಿಡಲಿಲ್ಲ, 400 ಮೀಟರ್‌ನಲ್ಲಿ ಕೆನಡಾದ ದಾಖಲೆಯನ್ನೇ ಮಾಡಿಬಿಟ್ಟರು. ಬಳಿಕ ಬ್ರಿಟನ್ನಿಗೆ ಹೋಗಿ ರಾಯಲ್ ಏರ್ ಫೋರ್ಸ್‌ನ ಪೈಲಟ್ ಆಗಿ ಯುದ್ಧಕಾಲದ ಕೆಲಸ ಮಾಡಿದರು. ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಯುವಕರು ಹೀಗೆ ವಾಯುಪಡೆ ಸೇರಿದ್ದರು. ಅವರಲ್ಲಿ ಹೆಚ್ಚಿನವರು ನೆಲದ ಮೇಲಿನ ಕೆಲಸದಲ್ಲಿದ್ದರು. ವಿಮಾನ ಹಾರಿಸೋ ಅವಕಾಶ ಸಿಕ್ಕಿದ್ದು ಕೆಲವರಿಗೆ ಮಾತ್ರ.

ಯುದ್ಧ ಮುಗೀತು. 1947ರಲ್ಲಿ ವಿಂಟ್ ವಾಯುಪಡೆ ಬಿಟ್ಟು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. 1123ರಲ್ಲಿ ಸ್ಥಾಪನೆಯಾದ, ಇಂಗ್ಲೆಂಡಿನ ಅತಿ ಹಳೆಯ ಆಸ್ಪತ್ರೆಗಳಲ್ಲಿ ಒಂದು ಅದು. ಯೋಚನೆ ಮಾಡಿ, ಇಪ್ಪತ್ತೇಳನೇ ವಯಸ್ಸಿನಲ್ಲಿ ಮತ್ತೆ ಮೊದಲ ಬೆಂಚು. ನಾವು ಒಂದು ವರ್ಷ ಡ್ರಾಪ್ ತಗೊಂಡ್ರೆ ನೆಂಟರೆಲ್ಲ ಏನಂತಾರೋ ಅಂತ ಹೆದರುತ್ತೇವೆ. ವಿಂಟ್ ಅವರಿಗೆ ಹೈಸ್ಕೂಲು ಮತ್ತು ಮೆಡಿಕಲ್ ಕಾಲೇಜಿನ ನಡುವೆ ಒಂದು ಮಹಾಯುದ್ಧವೇ ಬಂದುಹೋಗಿತ್ತು.

1948ರ ಲಂಡನ್ ಹೇಗಿತ್ತು ಅಂತ ಸ್ವಲ್ಪ ನೋಡೋಣ. ಬಾಂಬಿಗೆ ಬಿದ್ದ ಕಟ್ಟಡಗಳು ಇನ್ನೂ ಹಾಗೇ ಇದ್ದವು. ಊಟಕ್ಕೆ ಇನ್ನೂ ರೇಷನ್ ಚೀಟಿ. ಜೂನ್ 22ರಂದು ಎಂಪೈರ್ ವಿಂಡ್‌ರಷ್ ಹಡಗು ಕೆರಿಬಿಯನ್ನಿನ ನೂರಾರು ಜನರನ್ನು ಹೊತ್ತು ಥೇಮ್ಸ್ ನದಿಯ ಟಿಲ್ಬರಿ ಬಂದರಿಗೆ ಬಂತು. ಅವರಲ್ಲಿ ಬಹಳ ಮಂದಿ ಜಮೈಕಾದವರು, ಕೆಲವರು ಹಿಂದೆ ವಾಯುಪಡೆಯಲ್ಲಿ ದುಡಿದವರೇ. ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು, ದುಡ್ಡಿಲ್ಲದವರಿಗೂ ಡಾಕ್ಟರ್ ಸಿಗುವಂತಾಯಿತು. ಅದೇ ತಿಂಗಳ ಕೊನೆಗೆ ಒಲಿಂಪಿಕ್ಸ್. ಹೊಸ ಸ್ಟೇಡಿಯಂ ಕಟ್ಟೋಕೆ ಹಣ ಇರಲಿಲ್ಲ. ವೆಂಬ್ಲಿಯಲ್ಲಿ ನಾಯಿ ಓಡಿಸುವ ಪಂದ್ಯದ ಟ್ರ್ಯಾಕ್ ಮೇಲೆಯೇ ಇದ್ದಲಿನ ಕಿಟ್ಟ ಹಾಸಿ ಸಿಂಡರ್ ಟ್ರ್ಯಾಕ್ ಮಾಡಿದರು. ಕ್ರೀಡಾಪಟುಗಳಿಗೆ ವಸತಿ ಸೇನಾ ಶಿಬಿರಗಳಲ್ಲಿ, ಕಾಲೇಜುಗಳಲ್ಲಿ. ಸ್ವತಂತ್ರ ಭಾರತ ಹಾಕಿಯಲ್ಲಿ ಬ್ರಿಟನ್ನನ್ನು 4-0 ಅಂತರದಿಂದ ಸೋಲಿಸಿ ಚಿನ್ನ ಗೆದ್ದದ್ದೂ ಇದೇ ವೆಂಬ್ಲಿಯಲ್ಲಿ, ಇದೇ ಆಗಸ್ಟ್‌ನಲ್ಲಿ.

ಜಮೈಕಾ ಅಲ್ಲಿಗೆ ತನ್ನದೇ ತಂಡ ಕಳಿಸಿತ್ತು, ಒಲಿಂಪಿಕ್ಸ್‌ಗೆ ಅದು ಬಂದದ್ದು ಅದೇ ಮೊದಲು. ಆಗಸ್ಟ್ 2ರಂದು 800 ಮೀಟರ್ ಫೈನಲ್. ಗೆದ್ದವರು ಅಮೆರಿಕದ ಮಾಲ್ ವಿಟ್‌ಫೀಲ್ಡ್, 1 ನಿಮಿಷ 49.2 ಸೆಕೆಂಡು. ವಿಂಟ್ 1 ನಿಮಿಷ 49.5 ಸೆಕೆಂಡಿನಲ್ಲಿ ಎರಡನೆಯವರಾದರು. ಬೆಳ್ಳಿ ಬಂತು. ವಿಟ್‌ಫೀಲ್ಡ್ ಕೂಡ ವಾಯುಪಡೆಯವರೇ ಅನ್ನೋದು ಒಂದು ಸ್ವಾರಸ್ಯ.

ಮೂರು ದಿನದ ನಂತರ, ಆಗಸ್ಟ್ 5ರಂದು, 400 ಮೀಟರ್ ಫೈನಲ್. ಇಲ್ಲಿ ಎಲ್ಲರ ಕಣ್ಣು ಇದ್ದದ್ದು ವಿಂಟ್ ಮೇಲಲ್ಲ, ಅವರದೇ ತಂಡದ ಹರ್ಬ್ ಮೆಕೆನ್ಲಿ ಮೇಲೆ. ಮೆಕೆನ್ಲಿ ಕ್ಯಾಲಬಾರ್ ಶಾಲೆಯವರೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಅಲ್ಲಿನ ಕಾಲೇಜು ಚಾಂಪಿಯನ್ ಆದವರು. ಕೆಲವೇ ವಾರಗಳ ಹಿಂದೆ 45.9 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರು.

400 ಮೀಟರ್ ಓಟ ಎಷ್ಟು ಕಷ್ಟ ಅನ್ನೋದನ್ನ ನಮ್ಮ ಭಾಷೆಯಲ್ಲೇ ಹೇಳೋಣ. ಸ್ನಾಯುಗಳಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿಯ ದಾಸ್ತಾನು ಕೆಲವೇ ಸೆಕೆಂಡುಗಳಲ್ಲಿ ಖಾಲಿ. ಆಮೇಲೆ ದೇಹ ಸಾಕಷ್ಟು ಆಮ್ಲಜನಕ ಸಿಗದೇ ಸಕ್ಕರೆಯಂಶವನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಅದರ ಜೊತೆಗೇ ಸ್ನಾಯುಗಳಲ್ಲಿ ಆಮ್ಲೀಯತೆ ಏರುತ್ತಾ ಹೋಗುತ್ತದೆ. ಕೊನೆಯ ನೂರು ಮೀಟರಿಗೆ ಬರೋ ಹೊತ್ತಿಗೆ ಕಾಲು ಕಲ್ಲಾಗಿರುತ್ತೆ. ಆ ಹಂತದಲ್ಲಿ ಯಾರೂ ವೇಗ ಹೆಚ್ಚಿಸೋದಿಲ್ಲ, ಕಡಿಮೆ ನಿಧಾನ ಆಗೋನೇ ಗೆಲ್ಲೋದು. ಹಾಗಾಗಿ ಇದು ಬರೀ ವೇಗದ ಓಟ ಅಲ್ಲ, ಇರೋ ಬಜೆಟ್ಟನ್ನು ಹೇಗೆ ಖರ್ಚು ಮಾಡಬೇಕು ಅನ್ನೋ ಲೆಕ್ಕ.

ಮೆಕೆನ್ಲಿ ತಮ್ಮ ಎಂದಿನ ರೀತಿಯಲ್ಲಿ ಮೊದಲರ್ಧವನ್ನು ಬಿರುಗಾಳಿಯ ಹಾಗೆ ಓಡಿದರು. ವಿಂಟ್ ಆತುರ ಪಡಲಿಲ್ಲ. ಕೊನೆಯ ನೇರ ದಾರಿಗೆ ಬಂದಾಗಲೂ ಮೆಕೆನ್ಲಿಯೇ ಮುಂದೆ. ಆದರೆ ಅವರ ಹೆಜ್ಜೆ ಕುಗ್ಗತೊಡಗಿತು, ವಿಂಟ್ ಅವರ ಉದ್ದ ಹೆಜ್ಜೆ ಕುಗ್ಗಲಿಲ್ಲ. ಗೆರೆ ಹತ್ತಿರ ಬರುವಷ್ಟರಲ್ಲಿ ವಿಂಟ್ ದಾಟಿದ್ದರು. ವಿಂಟ್ 46.2, ಮೆಕೆನ್ಲಿ 46.4, ಮೂರನೆಯವರು ಅದೇ ವಿಟ್‌ಫೀಲ್ಡ್. ಒಲಿಂಪಿಕ್ ದಾಖಲೆಗೆ ಸಮ. ಚಿನ್ನ, ಬೆಳ್ಳಿ ಎರಡೂ ಒಂದು ಪುಟ್ಟ ದ್ವೀಪಕ್ಕೆ! ಗೆದ್ದ ದ್ವೀಪಕ್ಕೆ ಆಗಿನ್ನೂ ತನ್ನದೇ ರಾಷ್ಟ್ರಗೀತೆ ಇರಲಿಲ್ಲ. ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಅಂದ್ರೆ ದೇಶ ಹುಟ್ಟೋ ಹದಿನಾಲ್ಕು ವರ್ಷ ಒಂದು ದಿನ ಮೊದಲೇ ಅದಕ್ಕೆ ಒಲಿಂಪಿಕ್ ಚಾಂಪಿಯನ್ ಇದ್ದರು.

ಸಂತೋಷ ಎರಡು ದಿನ ಮಾತ್ರ. ಆಗಸ್ಟ್ 7ರಂದು 4×400 ಮೀಟರ್ ರಿಲೇ ಫೈನಲ್. ಅಮೆರಿಕಕ್ಕೆ ಸರಿಸಮ ನಿಲ್ಲಬಲ್ಲ ತಂಡ ಅಂದರೆ ಜಮೈಕಾ. ವಿಂಟ್ ತಮ್ಮ ಸರದಿ ಓಡುತ್ತಿದ್ದಾಗ ಸ್ನಾಯು ಹಿಡಿದುಕೊಂಡಿತು, ಅಲ್ಲೇ ಕುಸಿದರು. ಬೇಟನ್ ಮುಂದಿನವರ ಕೈಗೆ ತಲುಪಲೇ ಇಲ್ಲ. ಒಬ್ಬರೇ ಓಡಿ ಸೋತರೆ ನೋವು ನಮಗೊಬ್ಬರಿಗೇ. ರಿಲೇಯಲ್ಲಿ ಹಾಗಲ್ಲ, ಇನ್ನು ಮೂವರ ಪದಕವೂ ಕೈತಪ್ಪುತ್ತದೆ. ಅದನ್ನ ಸರಿಮಾಡೋಕೆ ನಾಲ್ಕು ವರ್ಷ ಕಾಯಬೇಕಿತ್ತು. ಆಗ ವಿಂಟ್ ಅವರಿಗೆ 32 ವರ್ಷ ಆಗಿರುತ್ತದೆ. ಅವತ್ತಿನ ಲೆಕ್ಕದಲ್ಲಿ ಆ ದೂರದ ಓಟಕ್ಕೆ ಅದು ಮುಗಿದ ವಯಸ್ಸು.

ಆ ನಾಲ್ಕು ವರ್ಷ ವಿಂಟ್ ಮಾಡಿದ್ದೇನು? ಓದಿದರು, ಓಡಿದರು. ಆಗಿನ ಅಥ್ಲೆಟಿಕ್ಸ್ ಪೂರ್ತಿ ಹವ್ಯಾಸಿ. ಗೆದ್ದರೂ ದುಡ್ಡಿಲ್ಲ, ಜಾಹೀರಾತಿಲ್ಲ, ಶೂ ಕಂಪನಿಯ ಒಪ್ಪಂದ ಇಲ್ಲ. ಪದಕ ಹೊಟ್ಟೆ ತುಂಬಿಸೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಒಲಿಂಪಿಕ್ ಚಾಂಪಿಯನ್ ಆದ ಮೇಲೂ ವಿಂಟ್ ಅದೇ ವೈದ್ಯಕೀಯ ವಿದ್ಯಾರ್ಥಿ, ಪರೀಕ್ಷೆ ಬರೆಯಲೇಬೇಕು.

1952, ಹೆಲ್ಸಿಂಕಿ. 800 ಮೀಟರ್‌ನಲ್ಲಿ ಮತ್ತೆ ಅದೇ ಜೋಡಿ. ವಿಟ್‌ಫೀಲ್ಡ್ ಮತ್ತೆ 1 ನಿಮಿಷ 49.2, ನಾಲ್ಕು ವರ್ಷದ ಹಿಂದಿನ ಅದೇ ಸಮಯ! ವಿಂಟ್ 1 ನಿಮಿಷ 49.4. ಮತ್ತೆ ಬೆಳ್ಳಿ. 400 ಮೀಟರ್‌ನಲ್ಲಿ ವಿಂಟ್ ಐದನೆಯವರು. ಗೆದ್ದವರು ಜಮೈಕಾದವರೇ ಆದ ಜಾರ್ಜ್ ರೋಡನ್, ಬೆಳ್ಳಿ ಮತ್ತೆ ಮೆಕೆನ್ಲಿಗೆ. ಇನ್ನು ಉಳಿದದ್ದು ರಿಲೇ.

ಮೊದಲ ಸರದಿ ವಿಂಟ್ ಅವರದ್ದು, 46.8 ಸೆಕೆಂಡು. ಈ ಸಲ ಕಾಲು ಮೋಸ ಮಾಡಲಿಲ್ಲ. ಎರಡನೆಯವರು ಲೆಸ್ಲಿ ಲೇಂಗ್, 47.0. ಇಷ್ಟು ಹೊತ್ತಿಗೆ ಅಮೆರಿಕ ಹತ್ತು ಮೀಟರಿಗಿಂತ ಹೆಚ್ಚೇ ಮುಂದೆ ಹೋಗಿತ್ತು. ಮೂರನೆಯವರಾಗಿ ಬೇಟನ್ ಹಿಡಿದ ಮೆಕೆನ್ಲಿ 44.6 ಸೆಕೆಂಡಿನಲ್ಲಿ ಒಂದು ಸುತ್ತು ಓಡಿಬಿಟ್ಟರು. ರಿಲೇಯಲ್ಲಿ ಓಡುತ್ತಲೇ ಶುರು ಮಾಡೋದರಿಂದ ಸ್ವಲ್ಪ ಅನುಕೂಲ ಇರುತ್ತೆ ನಿಜ, ಆದರೂ ಆ ಕಾಲದಲ್ಲಿ ಯಾರೂ ನಂಬಲಾಗದ ಓಟ ಅದು. ಅಂತರ ಪೂರ್ತಿ ಅಳಿದು ಜಮೈಕಾ ಕೂದಲೆಳೆ ಮುಂದೆ ಬಂತು. ಕೊನೆಯ ಸರದಿಯಲ್ಲಿ ರೋಡನ್ ಅವರ ಬೆನ್ನಿಗೇ ಅಮೆರಿಕದ ವಿಟ್‌ಫೀಲ್ಡ್. ರೋಡನ್ 45.5ರಲ್ಲಿ ಓಡಿ ಬಿಟ್ಟುಕೊಡಲಿಲ್ಲ. ನಾಲ್ಕನ್ನೂ ಕೂಡಿಸಿ ನೋಡಿ, 3 ನಿಮಿಷ 3.9 ಸೆಕೆಂಡು. ಅಮೆರಿಕ 3 ನಿಮಿಷ 4.0. ಹತ್ತನೇ ಒಂದು ಸೆಕೆಂಡಿನ ಗೆಲುವು. ಇಪ್ಪತ್ತು ವರ್ಷದಿಂದ ನಿಂತಿದ್ದ 3 ನಿಮಿಷ 8.2 ಸೆಕೆಂಡಿನ ವಿಶ್ವದಾಖಲೆ ನಾಲ್ಕು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಮುರಿದಿತ್ತು. 1948ರ ಸಾಲ ತೀರಿತು.

1953ರಲ್ಲಿ ವಿಂಟ್ ವೆಂಬ್ಲಿಯಲ್ಲಿ ಕೊನೆಯ ಬಾರಿಗೆ ಓಡಿದರು. ಇಂಟರ್ನ್‌ಶಿಪ್ ಮುಗಿಸಿ ವೈದ್ಯರಾದರು. 1954ರಲ್ಲಿ ಬ್ರಿಟಿಷ್ ರಾಣಿಯಿಂದ ಎಂಬಿಇ ಗೌರವ ಬಂತು. ಈಗ ಮುಂದೇನು? ಲಂಡನ್ನಿನ ಡಿಗ್ರಿ ಇದೆ, ಹೆಸರಿದೆ, ಬ್ರಿಟನ್ನಿನ ಆಸ್ಪತ್ರೆಗಳಿಗೆ ಕೈಗಳು ಬೇಕಾಗಿದ್ದವು. ಅಲ್ಲೇ ಉಳಿದಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. 1955ರಲ್ಲಿ ವಿಂಟ್ ಜಮೈಕಾಕ್ಕೆ ಹೊರಟರು. ಓಟಗಾರ ನಾರ್ಮನ್ ಮ್ಯಾನ್ಲಿ ಅಲ್ಲಿ ಮುಖ್ಯಮಂತ್ರಿಯಾದದ್ದೂ ಅದೇ ವರ್ಷ.

ಬಂದವರು ರಾಜಧಾನಿಯಲ್ಲೇ ಉಳಿದುಬಿಡಬಹುದಿತ್ತು. ಆದರೆ ಕೆಲ ಕಾಲದಲ್ಲೇ ದ್ವೀಪದ ವಾಯವ್ಯ ಮೂಲೆಯ ಹ್ಯಾನೋವರ್ ಪ್ಯಾರಿಷ್‌ನಲ್ಲಿ ನೆಲೆಸಿದರು. ಇಡೀ ಪ್ಯಾರಿಷ್‌ಗೆ ಅಲ್ಲೇ ವಾಸವಾಗಿದ್ದ ಡಾಕ್ಟರ್ ಅವರೊಬ್ಬರೇ. ಅದರ ಅರ್ಥ ಏನು ಅಂತ ನಮ್ಮ ಹಳ್ಳಿಗಳಿಂದ ಬಂದ ಸ್ನೇಹಿತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆ, ಮೂಳೆ ಮುರಿತ, ಮಗುವಿನ ಜ್ವರ, ಎಲ್ಲಕ್ಕೂ ಒಂದೇ ಬಾಗಿಲು. ರಾತ್ರಿ ಎರಡು ಗಂಟೆಗೆ ಬೇಟನ್ ಕೊಡೋಣ ಅಂದರೆ ತೆಗೆದುಕೊಳ್ಳೋಕೆ ಇನ್ನೊಬ್ಬರಿಲ್ಲ.

ಇಲ್ಲಿ ಸ್ವಲ್ಪ ನಿಂತು ಆ ನಾಲ್ವರ ತಂಡವನ್ನೇ ನೋಡಿ. ರೋಡನ್ ಅಮೆರಿಕಕ್ಕೆ ಓದೋಕೆ ಹೋಗಿ ಅಲ್ಲೇ ನೆಲೆಸಿ ಪಾದಗಳ ವೈದ್ಯರಾದರು. ಮೆಕೆನ್ಲಿ ಅಮೆರಿಕದಲ್ಲಿ ಓದಿ ಊರಿಗೆ ಬಂದು ತಾವು ಕಲಿತ ಕ್ಯಾಲಬಾರ್ ಶಾಲೆಯ ಹುಡುಗರಿಗೆ ಕೋಚ್ ಆದರು. ವಿಂಟ್ ಲಂಡನ್ನಿನಲ್ಲಿ ಓದಿ ಊರಿಗೆ ಬಂದು ಡಾಕ್ಟರಾದರು. ಯಾರು ಸರಿ, ಯಾರು ತಪ್ಪು ಅಂತ ತೀರ್ಪು ಕೊಡೋಕೆ ನಾವ್ಯಾರು? ಆದರೆ ಮೂವರಿಗೂ ಒಂದು ವಿಷಯ ಸಮಾನ. ಡಿಗ್ರಿ ಬೇಕಾದರೆ ಮೊದಲು ಊರು ಬಿಡಬೇಕಿತ್ತು. ಹೋದವರಲ್ಲಿ ಎಷ್ಟು ಜನ ವಾಪಸ್ ಬರ್ತಾರೆ ಅನ್ನೋದು ಅವರವರ ಮನಸ್ಸಿಗೆ ಬಿಟ್ಟದ್ದು. ಒಂದು ದೇಶದ ಆರೋಗ್ಯವೂ ಕ್ರೀಡೆಯೂ ಹೀಗೆ ಕೆಲವರ ಮನಸ್ಸಿನ ಮೇಲೆ ನಿಂತರೆ ಕಷ್ಟ.

ಆ ಪರಿಸ್ಥಿತಿ ಬದಲಾಗೋಕೆ ಶುರುವಾದದ್ದೂ 1948ರಲ್ಲೇ. ವಿಂಟ್ ಚಿನ್ನ ಗೆದ್ದ ಎರಡು ತಿಂಗಳಿಗೆ, ಅಕ್ಟೋಬರಿನಲ್ಲಿ, ಕಿಂಗ್‌ಸ್ಟನ್ ಹತ್ತಿರದ ಮೋನಾದಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಕಾಲೇಜು ತೆರೆಯಿತು. ಹಿಂದೊಮ್ಮೆ ಕಬ್ಬಿನ ತೋಟವಾಗಿದ್ದ, ಯುದ್ಧಕಾಲದಲ್ಲಿ ಜಿಬ್ರಾಲ್ಟರಿನ ನಿರಾಶ್ರಿತರಿಗೆ ಶಿಬಿರವಾಗಿದ್ದ ಜಾಗ ಅದು. ಮೊದಲ ತಂಡದಲ್ಲಿ 33 ವಿದ್ಯಾರ್ಥಿಗಳು, ಎಲ್ಲರೂ ವೈದ್ಯಕೀಯ ಓದೋಕೆ ಬಂದವರು. ವಿಂಟ್ ಕಡಲಾಚೆ ಹುಡುಕಿಕೊಂಡು ಹೋದ ಓದು ಅವರು ಅಲ್ಲಿರುವಾಗಲೇ ಊರಿಗೆ ಬಂತು.

ಸ್ವತಂತ್ರ ಜಮೈಕಾ 1973ರಲ್ಲಿ ವಿಂಟ್ ಅವರಿಗೆ ಆರ್ಡರ್ ಆಫ್ ಡಿಸ್ಟಿಂಕ್ಷನ್ ಗೌರವ ಕೊಟ್ಟಿತು. 1974ರಲ್ಲಿ ಅವರನ್ನು ಬ್ರಿಟನ್ನಿಗೆ ತನ್ನ ಹೈಕಮಿಷನರ್ ಆಗಿ ಕಳಿಸಿತು. ಸ್ವೀಡನ್ ಮತ್ತು ಡೆನ್ಮಾರ್ಕಿಗೂ ಅವರೇ ರಾಯಭಾರಿ. ಆಗ ಪ್ರಧಾನಿಯಾಗಿದ್ದವರು ನಾರ್ಮನ್ ಮ್ಯಾನ್ಲಿಯವರ ಮಗ ಮೈಕಲ್ ಮ್ಯಾನ್ಲಿ. ವಸಾಹತಿನ ಹುಡುಗನಾಗಿ ಲಂಡನ್ನಿಗೆ ಕಾಲಿಟ್ಟವರು ಸ್ವತಂತ್ರ ದೇಶದ ಪ್ರತಿನಿಧಿಯಾಗಿ ಅದೇ ಊರಿಗೆ ಹೋದರು. 1978ರಲ್ಲಿ ಆ ಹುದ್ದೆ ಮುಗಿದ ಮೇಲೆ ಮತ್ತೆ ವೈದ್ಯವೃತ್ತಿಗೇ ಬಂದು ಲಿನ್‌ಸ್ಟೆಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅದೇ ಲಿನ್‌ಸ್ಟೆಡ್‌ನಲ್ಲಿ 1992ರ ಅಕ್ಟೋಬರ್ 19ರಂದು ತೀರಿಕೊಂಡರು. ವಯಸ್ಸು 72. ಅವತ್ತು ಜಮೈಕಾದಲ್ಲಿ ರಾಷ್ಟ್ರವೀರರ ದಿನದ ರಜೆ.

ಅವರು ಹೋದ ಮೇಲೆ ಏನಾಯ್ತು ಅನ್ನೋದು ಜಗತ್ತಿಗೇ ಗೊತ್ತು. ಅದರ ಬೀಜ ಅವರಿದ್ದಾಗಲೇ ಬಿದ್ದಿತ್ತು. ಅಮೆರಿಕದಲ್ಲಿ ಓದಿ ಬಂದ ಓಟಗಾರ ಡೆನಿಸ್ ಜಾನ್ಸನ್, 1970ರ ದಶಕದಲ್ಲಿ ಕಿಂಗ್‌ಸ್ಟನ್ನಿನ ಕಲೆ, ವಿಜ್ಞಾನ ಮತ್ತು ತಂತ್ರಜ್ಞಾನ ಕಾಲೇಜಿನಲ್ಲೇ ಓಟದ ತರಬೇತಿ ಕಾರ್ಯಕ್ರಮ ಕಟ್ಟಿದರು. ನಮ್ಮ ಹುಡುಗರು ಓದೋಕೂ ಓಡೋಕೂ ದೇಶ ಬಿಡಬೇಕಾಗಿಲ್ಲ ಅನ್ನೋದು ಅವರ ಲೆಕ್ಕ. ಹೌದು, ಅದು ನಮ್ಮದರ ಹಾಗೇ ಒಂದು ಟೆಕ್ನಿಕಲ್ ಕಾಲೇಜು. 1995ರಲ್ಲಿ ಅದು ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಅಭ್ಯಾಸ ಮಾಡಿದ ಅಸಾಫಾ ಪವೆಲ್ 2005ರಲ್ಲಿ 100 ಮೀಟರಿನ ವಿಶ್ವದಾಖಲೆ ಮಾಡಿದರು. ಬೋಲ್ಟ್ ಅಭ್ಯಾಸ ಮಾಡಿದ್ದು ಮೋನಾದ ವಿಶ್ವವಿದ್ಯಾಲಯದ ಮೈದಾನದಲ್ಲಿ.

ಹಾಗಾಗಿ ಜಮೈಕಾದ ವೇಗದ ಗುಟ್ಟೇನು ಅಂತ ಯಾರಾದ್ರೂ ಕೇಳಿದರೆ ರಕ್ತ, ಗೆಣಸು, ಗಾಳಿ ಅಂತ ಹೇಳುವ ಮುಂಚೆ ಒಂದು ಕ್ಷಣ ಯೋಚಿಸೋಣ. ನೂರು ವರ್ಷ ದಾಟಿದ ಶಾಲಾ ಕೂಟ ಇದೆ, ವಾಪಸ್ ಬಂದು ಕಲಿಸಿದ ಮೇಷ್ಟ್ರುಗಳಿದ್ದಾರೆ, ಓದಿನ ಜೊತೆ ಓಟಕ್ಕೂ ಜಾಗ ಕೊಟ್ಟ ಕಾಲೇಜುಗಳಿವೆ. ಕಿಂಗ್‌ಸ್ಟನ್ನಿನ ನ್ಯಾಷನಲ್ ಸ್ಟೇಡಿಯಂ ಮುಂದಿನ ರಸ್ತೆಗೆ ಈಗ ಆರ್ಥರ್ ವಿಂಟ್ ಡ್ರೈವ್ ಅಂತ ಹೆಸರು. ಚಾಂಪ್ಸ್‌ಗೆ ಬರುವ ಹುಡುಗ ಹುಡುಗಿಯರು ಪ್ರತಿ ವರ್ಷ ಆ ದಾರಿಯಲ್ಲೇ ಬರುತ್ತಾರೆ. ಅವರಲ್ಲಿ ಎಲ್ಲರೂ ಬೋಲ್ಟ್ ಆಗೋದಿಲ್ಲ. ಕೆಲವರಾದರೂ ಓಟ ಮುಗಿಸಿ, ಓದು ಮುಗಿಸಿ, ಡಾಕ್ಟರ್ ಇಲ್ಲದ ಊರಿಗೆ ಹೋದರೆ ಆ ರಸ್ತೆಗೆ ಇಟ್ಟ ಹೆಸರು ಸಾರ್ಥಕ. ಈ ಮಾತು ಕಿಂಗ್‌ಸ್ಟನ್ನಿಗೆ ಮಾತ್ರ ಅನ್ವಯಿಸುತ್ತದೆ ಅಂತ ನಮಗನ್ನಿಸೋದಿಲ್ಲ.